ಹಸಿದ ಕೌದಿ

ವಯಸ್ಸಾದವರ ಬಾಯಿಂದ ಜನ ಒಂದೇ ಮಾತು ಕೇಳಬಯಸುತ್ತಾರೆ: ಆಗಿದ್ದು ಆಗಿಹೋಯಿತು, ನಾನು ಎಲ್ಲ ಮರೆತಿದ್ದೇನೆ. ನನ್ನ ಸೊಸೆಯೂ ಆ ಮಾತಿಗಾಗಿ ಕಾಯುತ್ತಿದ್ದಾಳೆ. ಕಾಯಲಿ. ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಸಾಂಗ್ಲಿಯ ಅರಿಸಿನ ಪೇಟೆಯ ಒಬ್ಬ ಸಾವಕಾರ್ತಿ ತುಂಬಿದ ಅಂಗಳದಲ್ಲಿ ನನ್ನ ಅವ್ವನನ್ನು ಕಳ್ಳಿ ಎಂದಳು. ಆ ಮಾತನ್ನು ಅವಳ ಬಾಯಿಂದಲೇ ವಾಪಸು ತೆಗೆಸಬೇಕೆಂದು ನಾನು ಹಲ್ಲು ಕಚ್ಚಿ ಬೆಳೆದೆ. ತೆಗೆಸಿದೆ ಕೂಡ. ಹೇಗೆ ತೆಗೆಸಿದೆ ಎಂಬುದನ್ನು ಈಗ ಬರೆಯುತ್ತೇನೆ. ಓದಿದವರು ನನ್ನನ್ನು ಕೆಟ್ಟ ಮುದುಕಿ ಅಂದುಕೊಂಡರೆ ಅಂದುಕೊಳ್ಳಲಿ, ನನಗೇನು!

ಅವ್ವ ಕೌದಿ ಹೊಲಿಯುವವಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸೊಂಟಕ್ಕೇರಿಸಿಕೊಂಡು ಸಲಗರೆಯಿಂದ ಸಾಂಗ್ಲಿಗೆ ಬಂದು, ಅರಿಸಿನ ತುಂಬಿಡುವ ವಖಾರಿಯ ಹಿಂದೆ ಒಂದು ಖೋಲಿ ಹಿಡಿದಿದ್ದಳು. ಆಗ ಸಾಂಗ್ಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ಪೇಟೆಯಲ್ಲಿ ನಮ್ಮ ಕನ್ನಡ ಮಂದಿಯ ಅಂಗಡಿಗಳಿಗೆ ಬರವಿರಲಿಲ್ಲ. ವ್ಯಾಪಾರ ಮರಾಠಿಯಲ್ಲಿ, ಮನೆಯೊಳಗಿನ ಜಗಳ ಕನ್ನಡದಲ್ಲಿ. ಸುಗ್ಗಿಯಲ್ಲಿ ಅರಿಸಿನದ ಧೂಳು ಎಷ್ಟು ಹಾರುತ್ತಿತ್ತೆಂದರೆ ನಾವು ಒಗೆದು ಹಾಕಿದ ಬಿಳಿ ಬಟ್ಟೆಯೂ ಸಂಜೆಗೆ ಹಳದಿಯಾಗುತ್ತಿತ್ತು. ಅವ್ವ ಆ ಪೇಟೆಯ ದೊಡ್ಡ ಮನೆಗಳಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದಳು.

ಮನೆಯಾಕೆ ತನ್ನ ಹಳೆಯ ಸೀರೆಗಳನ್ನು ಕೊಡುತ್ತಾಳೆ. ಅವ್ವ ಅವನ್ನು ಕೃಷ್ಣೆಯ ಘಾಟಿನಲ್ಲಿ ಒಗೆದು, ಅಂಗಳದಲ್ಲಿ ಒಂದರ ಮೇಲೊಂದು ಹಾಸಿ, ನಾಲ್ಕು ಕಡೆ ಕಲ್ಲಿಟ್ಟು ಎಳೆದು, ಒಂದು ಮೂಲೆಯಿಂದ ಹೊಲಿಗೆ ಹಿಡಿಯುತ್ತಿದ್ದಳು. ಅಂಚಿನ ಗುಂಟ ಸುತ್ತು ಹಾಕುತ್ತ ಹಾಕುತ್ತ ಒಳಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಮೇಲಿನ ಪದರವನ್ನು ಎತ್ತಿ, ಬೆಲ್ಲ ಸವರಿದ ರೊಟ್ಟಿಯ ತುಣುಕನ್ನು ಅಲ್ಲಿಟ್ಟು, ಆಮೇಲೆ ಮುಚ್ಚಿ ಹೊಲಿಯಬೇಕು. ಕೌದಿ ಅಂದರೆ ತಾಯಿ, ತಾಯಿಯೇ ಹಸಿದಿದ್ದರೆ ಮಕ್ಕಳನ್ನು ಬೆಚ್ಚಗೆ ಹೇಗೆ ಮಲಗಿಸಿಯಾಳು? ಹಸಿದ ಕೌದಿಯನ್ನು ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಮ್ಮ ಹೆಂಗಸರು ನಂಬಿದ್ದರು. ನಾನೂ ನಂಬುತ್ತೇನೆ.

ಕೌದಿಗೆ ಉಣಿಸುವಾಗ ಸುತ್ತ ಕೂತವರೆಲ್ಲ ಮುಖ ಆಚೆ ತಿರುಗಿಸಬೇಕು. ಇನ್ನೊಬ್ಬರ ತುತ್ತನ್ನು ದಿಟ್ಟಿಸಿ ನೋಡಬಾರದಲ್ಲ, ಹಾಗೆ. ರೊಟ್ಟಿಯ ಜೊತೆ ಕೆಲವರು ಬೇರೆ ಏನನ್ನಾದರೂ ಇಡಲು ಕೊಡುತ್ತಾರೆ, ಕೂಸಿನ ಮೊದಲ ಅಂಗಿಯ ಚೂರೋ, ಮಠದಿಂದ ತಂದ ವಿಭೂತಿಯೋ. ಏನಿಟ್ಟೆ ಎಂಬುದನ್ನು ಹೊಲಿದವಳು ಯಾರ ಮುಂದೂ ಬಾಯಿ ಬಿಡಬಾರದು. ಕೌದಿ ಹಳತಾದರೆ ಮೇಲೊಂದು ಹೊಸ ಪದರ ಹಾಕುತ್ತಾರೆಯೇ ಹೊರತು ಹೊಟ್ಟೆ ಬಿಚ್ಚುವುದಿಲ್ಲ. ಬಿಚ್ಚಲೇಬೇಕಾಗಿ ಬಂದರೆ ಬಿಚ್ಚಿದವಳೇ ಮತ್ತೆ ಹೊಲಿಯಬೇಕು, ಬೇರೆಯವರ ಕೈ ಆಗದು. ನಮ್ಮ ಓಣಿಯ ಹುಡುಗಿಯೊಬ್ಬಳು ಒಳಗೇನಿದೆ ನೋಡೋಣವೆಂದು ಅಜ್ಜಿಯ ಕೌದಿ ಬಿಚ್ಚಿ, ಹಾಗೇ ಮಡಚಿಟ್ಟು, ಲಗ್ನವಾಗಿ ಕೊಲ್ಲಾಪುರಕ್ಕೆ ಹೋಗಿಬಿಟ್ಟಿದ್ದಳು. ಮನೆಯವರಿಗೆ ಗೊತ್ತಾದ ಮೇಲೆ ಗಾಡಿ ಕಟ್ಟಿಸಿ ಅವಳನ್ನು ಕರೆತಂದು ಹೊಲಿಸಿದರು. ಮುಗಿಯುವವರೆಗೆ ಆ ಕೌದಿಯನ್ನು ಯಾರೂ ಮುಟ್ಟಲಿಲ್ಲ.

ಇನ್ನು ಆ ಸಾವಕಾರನ ಮನೆ. ಅಲ್ಲಿ ಇಬ್ಬರು ಹೆಂಗಸರು, ಮುದಿ ಅತ್ತೆ ಮತ್ತು ಸೊಸೆ. ಅತ್ತೆಯನ್ನು ಪೇಟೆಯವರೆಲ್ಲ ಆಯಿ ಎನ್ನುತ್ತಿದ್ದರು. ಸೊಸೆಯೇ ನಾನು ಹೇಳಿದ ಸಾವಕಾರ್ತಿ. ಆಯಿ ಎಡಚಿ. ಊಟ ಮಾತ್ರ ಬಲಗೈಯಲ್ಲಿ, ಉಳಿದಂತೆ ಈಳಿಗೆ, ಸೂಜಿ, ಸೊಸೆಯನ್ನು ಬೈಯುವಾಗ ಎತ್ತುವ ಬೆರಳು ಎಲ್ಲ ಎಡಗೈಯದೇ. ಆಯಿ ತೇಪೆ ಹಾಕಿದ ಕುಪ್ಪಸವೊಂದನ್ನು ಒಗೆಯುವಾಗ ಅವ್ವ ನನಗೆ ತೋರಿಸಿ ನಕ್ಕಿದ್ದಳು. ಬಟ್ಟೆಯ ಅಂಚನ್ನು ಸುತ್ತಿ ಹೊಲಿದರೆ ನಮ್ಮ ದಾರ ಒಂದು ಕಡೆ ವಾಲುತ್ತದೆ, ಆಯಿಯ ದಾರ ಅದಕ್ಕೆ ಎದುರು ಕಡೆ ವಾಲುತ್ತಿತ್ತು.

ಆಯಿ ತನ್ನ ಹಳೆಯ ಸೀರೆಗಳಿಂದ ಒಂದು ಕೌದಿ ಮಾಡಿಸಿದಳು. ಹೊಲಿಗೆ ನಡುವಿಗೆ ಬಂದ ಮಧ್ಯಾಹ್ನ, ಸೊಸೆ ಗುಡಿಗೆ ಹೋದ ಹೊತ್ತು ನೋಡಿ, ಅವ್ವನನ್ನು ಒಳಗೆ ತನ್ನ ಖೋಲಿಗೆ ಕರೆದಳು. ಸೂಜಿಗೆ ದಾರ ಪೋಣಿಸಿಕೊಡಲು ನಾನೂ ಇದ್ದೆ. ಆಯಿ ಸೊಂಟದಿಂದ ಒಂದು ಪುಟ್ಟ ಚೀಲ ತೆಗೆದಳು. ಬಿಳಿ ಬಟ್ಟೆಯ ಚೀಲ, ಸುತ್ತಲೂ ತಾನೇ ಹೊಲಿದು ಮುಚ್ಚಿದ್ದಳು. ಒಳಗಿದ್ದದ್ದು ಅವಳ ಲಗ್ನದ ಪೈಠಣಿ ಸೀರೆಯ ಸೆರಗು, ಕತ್ತರಿಸಿ ಮಡಚಿದ್ದು. ಪೈಠಣದ ನೇಕಾರರು ಆ ಸೆರಗನ್ನು ಹಿಂದೆ ಮುಂದೆ ಒಂದೇ ಥರ ಕಾಣುವಂತೆ ನೇಯುತ್ತಾರೆ, ನವಿಲನ್ನು ಯಾವ ಬದಿಯಿಂದ ನೋಡಿದರೂ ಅದು ನವಿಲೇ. ಅದರಲ್ಲಿ ರೇಷ್ಮೆಗಿಂತ ಜರಿ ಹೆಚ್ಚು. ಹಳೆಯ ಜರಿ ಕೊಳ್ಳುವವನು ಆಗಾಗ ಓಣಿಯಲ್ಲಿ ಕೂಗುತ್ತ ಬರುತ್ತಿದ್ದ. ಅಂಥ ಸೀರೆಯನ್ನು ಸುಟ್ಟರೆ ಬೂದಿಯಲ್ಲಿ ಬೆಳ್ಳಿ ಉಳಿಯುತ್ತದೆ.

“ಇದನ್ನ ಕೌದಿ ಹೊಟ್ಟ್ಯಾಗ ಇಡು. ನನ್ನ ಸೊಸಿಗೆ ಗೊತ್ತಾಗಬಾರದು,” ಅಂದಳು ಆಯಿ. “ಆ ಜರಿಯಂವ ಬಂದಾಗೊಮ್ಮೆ ಆಕಿ ನನ್ನ ಟ್ರಂಕ್ ಕಡೆ ನೋಡ್ತಾಳ. ನಾ ಕಣ್ಣ ಮುಚ್ಚಿದ್ನೆಂದರ ಸುಟ್ಟು ಬೆಳ್ಳಿ ತಗಸ್ತಾಳ. ನನ್ನ ಲಗ್ನದ ಸೆರಗು ಬೆಂಕ್ಯಾಗ ಬೀಳೂದು ಬ್ಯಾಡವ್ವಾ.”

“ಇಡ್ತೇನ್ರಿ ಆಯಿ. ನನ್ನ ಬಾಯಿಂದ ಒಂದ ಮಾತ ಹೊರಗ ಬರೂದಿಲ್ರಿ,” ಅಂದಳು ಅವ್ವ.

ಹಾಗೆಯೇ ಇಟ್ಟಳು. ರೊಟ್ಟಿಯ ತುಣುಕಿನ ಪಕ್ಕದಲ್ಲಿ ಆ ಚೀಲವಿಟ್ಟು ಮುಚ್ಚಿ ಹೊಲಿದಳು. ಆಯಿ ಆ ಕೌದಿಯನ್ನು ಒಂದು ಚಳಿಗಾಲ ಹೊದ್ದು, ಶಿವರಾತ್ರಿಯ ಆಚೆಗೆ ತೀರಿಕೊಂಡಳು.

ಆಯಿಯನ್ನು ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಸೊಸೆ ಟ್ರಂಕು ತೆಗೆದಳು. ಪೈಠಣಿ ಇತ್ತು, ಸೆರಗಿರಲಿಲ್ಲ. ಅವತ್ತು ಸಾವಿನ ಮನೆಯವರನ್ನು ಮಾತಾಡಿಸಿಹೋಗಲು ಓಣಿಯ ಹೆಂಗಸರೆಲ್ಲ ಬಂದು ಅಂಗಳದಲ್ಲಿ ಕೂತಿದ್ದರು. ಸಾವಕಾರ್ತಿ ಆಳು ಕಳಿಸಿ ಅವ್ವನನ್ನು ಕರೆಸಿದಳು. ಏನೋ ಹೊಲಿಗೆ ಕೆಲಸವಿರಬೇಕೆಂದು ಅವ್ವ ಸೂಜಿಯ ಡಬ್ಬಿ ಹಿಡಿದುಕೊಂಡೇ ಹೋದಳು. ನಾನೂ ಅವಳ ಸೆರಗು ಹಿಡಿದು ಹೋದೆ.

“ಆಯಿ ಖೋಲಿಯೊಳಗ ಹೊರಗಿನವರು ಯಾರ್ ಬರ್ತಿದ್ರು? ಕತ್ತರಿ ಹಿಡಕೊಂಡು ಯಾರ್ ಕುಂದರ್ತಿದ್ರು? ಈಕಿನಽ!” ಸಾವಕಾರ್ತಿ ಸೆರಗಿಲ್ಲದ ಸೀರೆಯನ್ನು ಎಲ್ಲರ ಮುಂದೆ ಝಾಡಿಸಿದಳು. “ಉಂಡ ಮನೀ ಸೆರಗ ಕತ್ತರಿಸಿಕೊಂಡು ಹೋಗ್ಯಾಳ. ಕಳ್ಳಿ!”

“ನಾ ಕದ್ದಿಲ್ರಿ ಬಾಯಾರ,” ಅಂದಳು ಅವ್ವ.

“ಹಂಗಾರ ಎಲ್ಲಿ ಹೋತು ಹೇಳು.”

ಅವ್ವ ಸೂಜಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಆ ಕೌದಿ ಅಲ್ಲೇ, ಪಡಸಾಲೆಯ ಮುಂದಿನ ಹಗ್ಗದ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ಆಯಿ ಸತ್ತ ಮರುದಿನವೇ ಸೊಸೆ ಅದನ್ನು ತನ್ನದು ಮಾಡಿಕೊಂಡಿದ್ದಳು. ನಾನು ಬೆರಳು ತೋರಿಸಿ ಬಾಯಿ ತೆರೆದೆ. ಅವ್ವ ತಟ್ಟನೆ ನನ್ನ ಬಾಯಿಗೆ ಕೈ ಒತ್ತಿದಳು. ಸೂಜಿ ಒತ್ತಿ ಒತ್ತಿ ಜಡ್ಡುಗಟ್ಟಿದ ಅವಳ ಬೆರಳು ನನ್ನ ತುಟಿಗೆ ಚುಚ್ಚಿದ್ದು ಇವತ್ತಿಗೂ ನೆನಪಿದೆ. ಕೂತ ಹೆಂಗಸರಲ್ಲಿ ಒಬ್ಬಳಾದರೂ ಈಕೆ ಅಂಥವಳಲ್ಲ ಅನ್ನಲಿಲ್ಲ. ಅವರೆಲ್ಲರ ಮನೆಯಲ್ಲೂ ಅವ್ವ ಹೊಲಿದ ಕೌದಿಗಳಿದ್ದವು.

ಖೋಲಿಗೆ ಬಂದು ನಾನು ನೆಲಕ್ಕೆ ಕಾಲು ಬಡಿದು ಅತ್ತೆ. “ಯಾಕ ಹೇಳಲಿಲ್ಲ? ಅಲ್ಲೇ ಇತ್ತು! ಬಿಚ್ಚಿ ತೋರಸೂದಿತ್ತು!”

“ಹೊಟ್ಟ್ಯಾಗ ಇಟ್ಟದ್ದನ್ನ ಹೊಲದಾಕಿ ಹೇಳಬಾರದು,” ಅಂದಳು ಅವ್ವ. “ಆಯಿಗೆ ಮಾತ ಕೊಟ್ಟೇನಿ.”

“ಆಯಿ ಸತ್ತಾಳ!”

“ಸತ್ತರೇನಾತು? ನಾ ಇರೂತನಕಾ ನೀನೂ ಬಾಯಿ ಬಿಡಬ್ಯಾಡ. ನನ್ನ ಮ್ಯಾಲ ಆಣಿ ಮಾಡು.”

ಆಣೆ ಮಾಡಿದೆ. ಮನಸ್ಸಿನೊಳಗೆ ಇನ್ನೊಂದು ಆಣೆಯನ್ನೂ ಮಾಡಿದೆ, ಅದು ಅವ್ವನಿಗೆ ಗೊತ್ತಿರಲಿಲ್ಲ.

ಸಾಂಗ್ಲಿಯಲ್ಲಿ ಮುಂದೆ ಯಾರೂ ಕೆಲಸ ಕೊಡಲಿಲ್ಲ. ಗಂಟು ಕಟ್ಟಿಕೊಂಡು ಮಿರಜಿಗೆ ಬಂದೆವು. ದವಾಖಾನೆಯ ಹತ್ತಿರದ ಓಣಿಯಲ್ಲಿ ಖೋಲಿ ಸಿಕ್ಕಿತು. ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ರೋಗಿಗಳು ಗಾಡಿ, ರೈಲು ಹಿಡಿದು ಬರುತ್ತಿದ್ದರು. ಜೊತೆಗೆ ಬಂದವರು ವಾರಗಟ್ಟಲೆ ಕಾಯಬೇಕು. ತಂದ ಹಳೆಯ ಸೀರೆಗಳನ್ನು ಕೊಟ್ಟು ಕೌದಿ ಹೊಲಿಸಿಕೊಳ್ಳುತ್ತಿದ್ದರು. ಇಲ್ಲಿಯಾದರೂ ನೆಮ್ಮದಿ ಅಂದುಕೊಂಡರೆ ಕಳ್ಳಿ ಎಂಬ ಮಾತು ಸಂಸ್ಥಾನದ ಗಡಿ ದಾಟಿ ನಮ್ಮ ಹಿಂದೆಯೇ ಬಂತು. ಸಾಂಗ್ಲಿಗೂ ಮಿರಜಿಗೂ ಟಾಂಗಾ ಓಡಾಡುತ್ತದಲ್ಲ, ಹಾಳು ಬಾಯಿಗಳೂ ಅದರಲ್ಲೇ ಓಡಾಡುತ್ತವೆ. ಸೀರೆ ಕೊಡುವ ಮೊದಲು ಜನ ಅವ್ವನ ಮುಂದೆಯೇ ಅಂಚು, ಸೆರಗು ಎಲ್ಲ ಸರಿಯಿದೆಯೇ ಎಂದು ನೋಡಿ ಕೊಡುವುದಕ್ಕೆ ಶುರುಮಾಡಿದರು. ಆಮೇಲಾಮೇಲೆ ಅವರು ಕೇಳುವ ಮೊದಲೇ ಅವ್ವ ತಾನಾಗಿ ಪ್ರತಿಯೊಂದು ಚೂರನ್ನೂ ಎತ್ತಿ ತೋರಿಸಿ, “ನೋಡಿಕೋರಿ, ಎಲ್ಲಾ ಐತಿ,” ಅನ್ನುತ್ತಿದ್ದಳು. ಅದನ್ನು ನೋಡಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವನ ಮೇಲೂ ಸಿಟ್ಟು ಬರುತ್ತಿತ್ತು.

ಮಿರಜಿನಲ್ಲಿ ನಾನು ದೇಶದೇಶದ ಕೌದಿ ನೋಡಿದೆ. ರೈಲ್ವೆಯ ಬಾಬು ಒಬ್ಬನ ಹೆಂಡತಿ ಬಂಗಾಲದವಳು. ಅವರ ಕಡೆ ಹಳೆಯ ಸೀರೆಯ ಅಂಚಿನಿಂದಲೇ ದಾರ ಎಳೆದು, ಆ ದಾರದಲ್ಲೇ ಮೀನು, ಹೂವು, ದೋಣಿ ಎಲ್ಲ ಬಿಡಿಸಿ ಹೊಲಿಯುತ್ತಾರೆ. ಯಲ್ಲಾಪುರದ ಕಾಡಿನಿಂದ ಬಂದ ಸಿದ್ದಿ ಹೆಂಗಸೊಬ್ಬಳ ಕೌದಿಯ ಮೂಲೆಗಳಲ್ಲಿ ಹೂವಿನ ಹಾಗೆ ಮಡಚಿದ ಬಟ್ಟೆಯ ಚೂರುಗಳಿದ್ದವು. ದವಾಖಾನೆಯ ಪರದೇಶದ ನರ್ಸಬಾಯಿ ಅವ್ವನ ಪಕ್ಕ ನೆಲದ ಮೇಲೆ ಕೂತು, ತನ್ನ ಒಡಕು ಮರಾಠಿಯಲ್ಲಿ, ನಮ್ಮ ಊರಿನಲ್ಲೂ ಹೆಂಗಸರು ಹೀಗೇ ಚೂರು ಚೂರು ಕೂಡಿಸಿ ಹೊಲಿಯುತ್ತಾರೆ, ಮುಗಿದ ಮೇಲೆ ಮೂಲೆಯಲ್ಲಿ ತಮ್ಮ ಹೆಸರು ಹೊಲಿಯುತ್ತಾರೆ ಅಂದಳು. ಹೆಸರು! ಅವ್ವ ಅದನ್ನು ಕೇಳಿ ನಾಚಿ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಹೊಲಿದ ಒಂದು ಕೌದಿಯ ಮೇಲೂ ಅವಳ ಹೆಸರಿಲ್ಲ, ಅವಳು ಕದಿಯದ ಸೆರಗಿಗೆ ಮಾತ್ರ ಎರಡು ಊರಿನಲ್ಲಿ ಅವಳ ಹೆಸರು ಅಂಟಿಕೊಂಡಿತ್ತು.

ನನ್ನ ಲಗ್ನ ಮಿರಜಿನಲ್ಲೇ ಆಯಿತು. ಗಂಡ ಸಿತಾರ ಮಾಡುವ ಕಾರಖಾನೆಯಲ್ಲಿ ಒಣಗಿದ ಕುಂಬಳದ ಬುರುಡೆ ಕೊರೆಯುತ್ತಿದ್ದ. ಅಥಣಿಯವನು, ನನಗೆ ಕನ್ನಡ ಅಕ್ಷರ ಕಲಿಸಿದವನು ಅವನೇ. ಅವ್ವ ನನ್ನ ಮನೆಯಲ್ಲೇ ತೀರಿಕೊಂಡಳು. ಕೊನೆಯ ವಾರ ಕೂಡ ಯಾರದೋ ಸೀರೆ ತೊಡೆಯ ಮೇಲಿತ್ತು. ಆ ಸೆರಗಿನ ವಿಷಯ ಅವಳು ಸಾಯುವತನಕ ಎತ್ತಲಿಲ್ಲ. ಅವಳ ಜೊತೆಗೆ ನನ್ನ ಆಣೆಯೂ ಮುಗಿಯಿತು.

ಆಮೇಲೆ ನಾನು ಕಾದೆ. ಅವ್ವನ ಕೆಲಸ ನನ್ನದಾಯಿತು, ಕೈ ಪಳಗಿತು, ಹೆಸರೂ ಆಯಿತು. ಕೌದಿ ಎಷ್ಟು ಗಟ್ಟಿಯಾಗಿದ್ದರೂ ಒಂದು ದಿನ ಮೇಲಿನ ಪದರ ಜೀರ್ಣವಾಗಲೇಬೇಕು ಎಂದು ನನಗೆ ಗೊತ್ತಿತ್ತು. ಅದಕ್ಕೆ ಹೊಸ ಪದರ ಹಾಕುವವಳನ್ನು ಹುಡುಕಿಕೊಂಡು ಆ ಸಾವಕಾರ್ತಿ ಯಾರ ಬಾಗಿಲಿಗಾದರೂ ಹೋಗಲೇಬೇಕು.

ನನ್ನ ಬಾಗಿಲಿಗೇ ಬಂದಳು. ಅವಳ ಒಬ್ಬಳೇ ಮಗಳು ತುಂಬು ಗರ್ಭಿಣಿ. ಹೆರಿಗೆ ಮಿರಜಿನ ದವಾಖಾನೆಯಲ್ಲಿ, ಬಾಣಂತನ ಸಾಂಗ್ಲಿಯ ತವರಿನಲ್ಲಿ ಎಂದು ಗೊತ್ತುಮಾಡಿದ್ದರು. ಮಗಳನ್ನು ತೋರಿಸಲು ಟಾಂಗಾದಲ್ಲಿ ಬಂದವಳು ಕೌದಿಯನ್ನೂ ತಂದಿದ್ದಳು. ಮೈ ತುಂಬಿ, ಕೂದಲು ಬಿಳುಪಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಹೇಗೆ ಹತ್ತೀತು? ಅವತ್ತು ಅಂಗಳದಲ್ಲಿ ನಾನು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

“ಮ್ಯಾಲಿನ ಪದರ ಹರದೈತಿ. ಹೊಸಾದೊಂದ ಹಾಕಿಕೊಡು. ಇದರೊಳಗ ಮಲಗಿದರನಽ ನನಗ ನಿದ್ದಿ,” ಅಂದಳು.

ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡೆ. ಅವ್ವನ ಹೊಲಿಗೆ, ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ. ಅದರ ಮೇಲೆ ಬೆರಳಾಡಿಸುತ್ತ ನಡುವಿಗೆ ಬಂದೆ. ಒತ್ತಿದರೆ ಒಳಗೆ ಜರಿ ಕರಕರ ಎಂದಿತು. ಇಷ್ಟು ವರ್ಷ ಇವಳು ಅದರ ಕೆಳಗೇ ಮಲಗಿ ಸುಖವಾಗಿ ನಿದ್ದೆ ಮಾಡಿದ್ದಳು.

“ಭಾಳ ದೊಡ್ಡ ಕೌದಿ ಐತ್ರಿ ಬಾಯಾರ,” ಅಂದೆ. “ನನ್ನ ಖೋಲ್ಯಾಗ ಹಾಸಾಕ ಜಾಗಾ ಇಲ್ಲ. ನಿಮ್ಮ ಅಂಗಳಕ್ಕ ಬಂದು ಹೊಲೀತೇನ್ರಿ.”

“ಹಂಗಾರ ಹಪ್ಪಳ ಮಾಡೂ ದಿನಾ ಬಾ. ಓಣಿ ಹೆಂಗಸರೆಲ್ಲಾ ಇರ್ತಾರ, ನೀನೂ ಒಂದೀಟ ಕೈ ಹಚ್ಚಿದಿಯಂದರ ಬೇಶಾಗತೈತಿ.”

ಬಿಟ್ಟಿಯಾಗಿ ನಾಲ್ಕು ಹಪ್ಪಳ ಲಟ್ಟಿಸಿಕೊಳ್ಳುವ ಆಸೆ ಅವಳಿಗೆ. ಓಣಿಯ ಹೆಂಗಸರು ಎಂಬ ಮಾತು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೋದೆ. ಅದೇ ಅಂಗಳ. ಅದೇ ಹೆಂಗಸರು, ಕೆಲವರ ಬದಲು ಅವರ ಸೊಸೆಯರು. ಪಕ್ಕದ ಮನೆಯ ಜೈನರ ಅಜ್ಜಿ, ಆಯಿಯ ಗೆಳತಿ, ಇನ್ನೂ ಗಟ್ಟಿಮುಟ್ಟಾಗಿದ್ದಳು, ಗೋಡೆಗೆ ಆತು ಕೂತು ಹಿಟ್ಟಿನ ಉಂಡೆ ಕಟ್ಟುತ್ತಿದ್ದಳು. ನಾನು ಎಲ್ಲರ ನಡುವೆ ಕೌದಿ ಹಾಸಿದೆ. ನಡುವಿಗೆ ಅಂಗೈಯಿಟ್ಟು ಒತ್ತಿ ಗಟ್ಟಿಯಾಗಿ ಕೇಳಿದೆ.

“ಬಾಯಾರ, ಇಲ್ಲೇನೋ ಗಟ್ಟಿ ಹತ್ತತೈತಿ. ಹಂಗಽ ಪದರ ಹಾಕಲ್ಯೋ, ಬಿಚ್ಚಿ ನೋಡ್ಲ್ಯೋ?”

ಸಾವಕಾರ್ತಿ ಬಂದು ಒತ್ತಿ ನೋಡಿದಳು. ಜರಿಯ ಸದ್ದು ಅವಳ ಕಿವಿಗೆ ಗೊತ್ತಾಗದೇ ಇರುತ್ತದೆಯೇ? ಕಣ್ಣು ಅರಳಿತು. “ಬಿಚ್ಚು, ಬಿಚ್ಚು!”

“ಬಿಚ್ಚಿದಾಕೀನಽ ಹೊಲೀಬೇಕು. ಗೊತ್ತೈತಲ್ರಿ?”

“ಗೊತ್ತೈತಿ, ನೀನಽ ಹೊಲಿ. ಅದಕಽ ಕರಸೇನಿ.”

ಎಲ್ಲರೂ ಕೇಳಿಸಿಕೊಂಡರು. ನಾನು ಕತ್ತರಿ ತೆಗೆದೆ. ಅವ್ವ ಹೊಲಿದದ್ದನ್ನು ನನ್ನ ಕೈಯಾರೆ ಕತ್ತರಿಸಬೇಕಾಯಿತು, ಅದೊಂದಕ್ಕೆ ಮಾತ್ರ ಕಣ್ಣು ತುಂಬಿ ಬಂತು. ಒಳಗೆ ರೊಟ್ಟಿ ಕಪ್ಪು ಪುಡಿಯಾಗಿತ್ತು. ಚೀಲ ಹಾಗೇ ಇತ್ತು. ಸಾವಕಾರ್ತಿ ಅದನ್ನು ನನ್ನ ಕೈಯಿಂದ ಕಸಿದು ಒಂದು ಬದಿ ಹರಿದಳು. ಬಿಸಿಲಿಗೆ ನವಿಲು ಹೊಳೆಯಿತು.

“ಅಗ ಬಾಈ! ಆಯಿ ಸೆರಗು!” ಅವಳು ಸೆರಗನ್ನು ಬಿಡಿಸಿ ಹೊರಳಿಸಿ ನೋಡಿದಳು. ಆಮೇಲೆ ಎಲ್ಲರ ಕಡೆ ತಿರುಗಿ ಕೂಗಿದಳು, “ನೋಡ್ರಿ, ನೋಡ್ರಿ! ಆ ಕಳ್ಳಿ ಕದ್ದು ಇಲ್ಲೆ ಮುಚ್ಚಿಟ್ಟಿದ್ಲು. ಮುಂದ ಯಾವಾಗರೆ ಪದರ ಹಾಕಾಕ ಬಂದಾಗ ಒಯ್ಯೂಣಂತ! ನಾ ಅಂದದ್ದು ಖರೆ ಆತಿಲ್ಲೋ?”

ಸೆರಗು ಹೊರಗೆ ಬಂದರೆ ಸಾಕು, ಅವ್ವ ಕಳ್ಳಿಯಲ್ಲ ಎಂದು ತಾನಾಗಿ ಗೊತ್ತಾಗುತ್ತದೆ ಎಂದು ಅಷ್ಟು ವರ್ಷ ನಂಬಿದ್ದೆ. ಎಂಥ ಮಂಕು ನಾನು! ಹೆಂಗಸರು ತಲೆದೂಗುವುದಕ್ಕೆ ಶುರುಮಾಡಿದ್ದರು. ಅವ್ವನನ್ನು ನಾನೇ ಗೋರಿಯಿಂದ ಎಬ್ಬಿಸಿ ತಂದು ಎರಡನೆಯ ಸಲ ಅದೇ ಅಂಗಳದಲ್ಲಿ ಕಳ್ಳಿ ಮಾಡಿದಂತಾಯಿತು. ಆಗ ಸಾವಕಾರ್ತಿಯ ಕೈಯಲ್ಲಿದ್ದ ಚೀಲ ಕಣ್ಣಿಗೆ ಬಿತ್ತು. ಹರಿಯದೇ ಉಳಿದ ಅಂಚುಗಳಲ್ಲಿ ದಾರ ಎದುರು ಕಡೆಗೆ ವಾಲಿತ್ತು.

“ಚೀಲಾ ಹೊಲದದ್ದು ಯಾರು, ಅದನ್ನ ನೋಡ್ರಿ!” ಎಂದು ಕಿರುಚಿದೆ. “ಅಜ್ಜಿ, ನೀವ ನೋಡ್ರಿ.”

ಜೈನರ ಅಜ್ಜಿ ಹಿಟ್ಟಿನ ಕೈ ಒರೆಸಿಕೊಂಡು ಚೀಲವನ್ನು ತರಿಸಿಕೊಂಡಳು. ಕಣ್ಣಿನ ಹತ್ತಿರ ಹಿಡಿದಳು, ಹೊರಳಿಸಿದಳು, ಕೊನೆಗೆ ತೊಡೆಯ ಮೇಲಿಟ್ಟುಕೊಂಡಳು.

“ಇದು ನಮ್ಮ ಎಡಚೀದು,” ಅಂದಳು. “ಈ ಹೊಲಿಗಿ ನೋಡಿ ಜೀವನಾ ಇಡೀ ಅಣಕಿಸೇನಿ ಆಕೀನ್ನ. ನನಗ ಗೊತ್ತಿಲ್ಲೇನು? ತಾನಽ ಕತ್ತರಿಸಿ, ತಾನಽ ಹೊಲದು, ತಾನಽ ಇಡಿಸ್ಯಾಳ. ನಿನಗ ಹೆದರಿ ಇಡಿಸ್ಯಾಳ, ತಿಳೀತೇನು?”

ಲಟ್ಟಣಿಗೆಗಳು ನಿಂತವು. ಸಾವಕಾರ್ತಿ ನನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. “ನೀ ಯಾರ?”

“ನೀವು ಕಳ್ಳಿ ಅಂದ್ರೆಲಾ, ಆಕಿ ಮಗಳು.”

ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕ್ಷಮಿಸು ಅನ್ನುತ್ತಾಳೆಂದು ಕಾದೆ. ಅವಳು ಸೆರಗನ್ನು ಮಡಚಿ ಸೊಂಟಕ್ಕೆ ಸಿಗಿಸಿಕೊಂಡು, “ಆಗಿದ್ದು ಆತು. ಕೌದಿ ಹೊಲದು ಮುಗಸು,” ಅಂದಳು.

ಆಗಿದ್ದು ಆತಂತೆ! ಕತ್ತರಿ, ಸೂಜಿ ಡಬ್ಬಿಗೆ ಹಾಕಿ ಎದ್ದುನಿಂತೆ.

“ಇಲ್ಲೆ ಅಂದ ಮಾತು ಮಿರಜಿನತನಕಾ ನಮ್ಮವ್ವನ ಬೆನ್ನ ಹತ್ತಿ ಬಂತು. ನೀವೂ ಮಿರಜಿಗೆ ಬರ್ರಿ. ನಮ್ಮ ಓಣ್ಯಾಗ ಎಲ್ಲಾರ ಮುಂದ ನಿಂತು ಆಕಿ ಕಳ್ಳಿ ಅಲ್ಲ ಅನ್ರಿ. ಅವತ್ತ ಹೊಲೀತೇನಿ.”

“ನಿನ್ನ ಬಿಟ್ಟರ ಸೂಜಿ ಹಿಡಿಯವರು ಇಲ್ಲೇನು?” ಎಂದು ಅವಳು ಹಿಂದಿನಿಂದ ಕೂಗಿದಳು.

ಇದ್ದರು. ಸಾಂಗ್ಲಿಯಲ್ಲಿ, ಮಿರಜಿನಲ್ಲಿ, ಕುಪವಾಡದಲ್ಲಿ, ಎಲ್ಲ ಕಡೆ ಇದ್ದರು. ಅವಳು ಒಬ್ಬೊಬ್ಬರನ್ನೇ ಕರೆಸಿದಳು. ಪ್ರತಿಯೊಬ್ಬಳೂ ಕೌದಿ ನೋಡಿ ಕೇಳಿದ್ದು ಒಂದೇ ಮಾತು: ಬಿಚ್ಚಿದಾಕಿ ಯಾರು? ಹೇಳಿದರೆ ಎದ್ದು ಹೋಗುತ್ತಿದ್ದರು. ತಾನೇ ಹೊಲಿಯಲು ಕೂತಳಂತೆ, ಜೈನರ ಅಜ್ಜಿ ಗೋಡೆಯಾಚೆಯಿಂದ ಬೈದು ಸೂಜಿ ಕೆಳಗಿಡಿಸಿದಳಂತೆ. ಗುಮಾಸ್ತನನ್ನು ನನ್ನ ಹತ್ತಿರ ಕಳಿಸಿದಳು. ಅವನಿಗೆ ಚಹಾ ಕೊಟ್ಟು ವಾಪಸು ಕಳಿಸಿದೆ. ಅಷ್ಟರಲ್ಲಿ ಮಗಳು ಹಡೆದಳು, ಗಂಡು ಕೂಸು. ದವಾಖಾನೆಯಿಂದ ಬಾಣಂತಿಯನ್ನು ಸಾಂಗ್ಲಿಗೆ ಒಯ್ಯಬೇಕೆಂದು ಟಾಂಗಾ ಬಂದು ನಿಂತರೆ, ಮಗಳ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. “ಹೊಟ್ಟಿ ಬಿಚ್ಚಿದ ಕೌದಿ ಇದ್ದ ಮನಿಗೆ ನಮ್ಮ ಕೂಸನ್ನ ಕಳಸೂದಿಲ್ಲ. ಮೊದಲ ಹೊಲಸಿಕೋರಿ,” ಅಂದಳಂತೆ. ಈ ಸುದ್ದಿ ತಂದವಳಿಗೆ ನಾನು ಬೆಲ್ಲ ಕೊಟ್ಟೆ.

ಮಾರನೆಯ ಬೆಳಿಗ್ಗೆ ಅವಳು ನಮ್ಮ ಓಣಿಗೆ ಬಂದಳು. ಕೌದಿಯನ್ನು ತಾನೇ ಹೊತ್ತುಕೊಂಡಿದ್ದಳು. ನಳದ ಹತ್ತಿರ ನೀರು ತುಂಬುವವರು, ರೋಗಿಗಳ ಮಂದಿ, ಕಟ್ಟೆಯ ಮೇಲೆ ಕೂತ ಮುದುಕಿಯರು, ಎಲ್ಲರೂ ಇದ್ದರು. ನಾನು ಹೊಸ್ತಿಲ ಮೇಲೆ ಕೂತೆ, ಏಳಲಿಲ್ಲ.

ಅವಳು ತಲೆ ತಗ್ಗಿಸಿ ಏನೋ ಗೊಣಗಿದಳು.

“ಕೇಳಸಲಿಲ್ರಿ,” ಅಂದೆ.

“ಕಳ್ಳಿ ಅಲ್ಲ.”

“ಯಾರು?”

“ನಿಮ್ಮವ್ವ.”

“ಅಲ್ಲೆ ನಳದ ಕಡೆ ನಿಂತವರಿಗೂ ಕೇಳಸಬೇಕ್ರಿ. ಅವತ್ತ ನಿಮ್ಮ ದನಿ ಇಷ್ಟ ಸಣ್ಣ ಇರಲಿಲ್ಲ.”

ಅವಳು ಕಣ್ಣು ಮುಚ್ಚಿ ಕೂಗಿದಳು, “ಈಕಿ ಅವ್ವ ಕಳ್ಳಿ ಅಲ್ಲ! ಆಕಿ ಏನೂ ಕದ್ದಿಲ್ಲ! ನಾ ಸುಳ್ಳ ಹೇಳಿದ್ನಿ!” ಎಂದವಳೇ ಅಳುವುದಕ್ಕೆ ಶುರುಮಾಡಿದಳು. ನೀರು ತುಂಬುವವಳೊಬ್ಬಳು, ಸಾಕು ಬಿಡವ್ವ, ವಯಸ್ಸಾದಾಕಿ, ಎಂದು ನನಗೆ ಬುದ್ಧಿ ಹೇಳಿದಳು. ನನ್ನ ಅವ್ವ ಪ್ರತಿ ಚೂರನ್ನು ಎತ್ತಿ ತೋರಿಸುವಾಗ ಸಾಕು ಅಂದವರು ಯಾರೂ ಇರಲಿಲ್ಲ.

ಕೊಟ್ಟ ಮಾತಿನಂತೆ ಹೊಲಿಯಲು ಕೂತೆ. “ಸೆರಗು?” ಎಂದು ಕೈ ಚಾಚಿದೆ. ಅವಳು ಒಲ್ಲದ ಮನಸ್ಸಿನಿಂದ ಸೆರಗನ್ನೂ ಹರಿದ ಚೀಲವನ್ನೂ ಸೊಂಟದಿಂದ ತೆಗೆದುಕೊಟ್ಟಳು. ಅದನ್ನು ಆಯಿಯ ಚೀಲದಲ್ಲಿಯೇ ಇಟ್ಟೆ. ಒಳಗಿನಿಂದ ರೊಟ್ಟಿ ತಂದು ಬೆಲ್ಲ ಸವರಿ ಎಲೆಯ ಮೇಲಿಟ್ಟುಕೊಂಡೆ. ನಾನು ಮೇಲಿನ ಪದರ ಎತ್ತಿದ ಕೂಡಲೇ ಎಲ್ಲರೂ ಮುಖ ತಿರುಗಿಸಿದರು. ಅವಳೂ ತಿರುಗಿಸಿದಳು. ಆಮೇಲೆ ಅವ್ವ ಹೊಲಿಯುತ್ತಿದ್ದಂತೆಯೇ ಒತ್ತೊತ್ತಾಗಿ ಮುಚ್ಚಿ ಹೊಲಿದು, ಅವಳು ತಂದ ಸೀರೆಯ ಹೊಸ ಪದರವನ್ನೂ ಅಂಚಿಗೆ ಮಾತ್ರ ಹೊಲಿಗೆ ಹಿಡಿದು ಹಾಕಿ, ದಾರ ಕಡಿದೆ.

ಟಾಂಗಾ ಹತ್ತುವ ಮೊದಲು ಅವಳು ತಿರುಗಿ ಬಂದು ಸಣ್ಣ ದನಿಯಲ್ಲಿ ಕೇಳಿದಳು, “ರೊಟ್ಟಿ ಇಟ್ಟಿ ಇಲ್ಲೋ?”

“ಹೊಟ್ಟ್ಯಾಗಿಂದು ಹೊಲದಾಕಿ ಹೇಳಬಾರದ್ರಿ, ಬಾಯಾರ,” ಅಂದೆ.

ಬಾಣಂತಿಯೂ ಕೂಸೂ ಅವತ್ತೇ ಸಾಂಗ್ಲಿಗೆ ಹೋದರು. ಅವರಿಗೆ ಬೇರೆ ಕೌದಿಗಳಿದ್ದವು. ಈ ಕೌದಿಯನ್ನು ಸಾವಕಾರ್ತಿ ಸಾಯುವತನಕ ತಾನೇ ಹೊದ್ದಳು. ಸಾಂಗ್ಲಿಯಿಂದ ಬಂದವರು ಆಗಾಗ ಅವಳ ಸುದ್ದಿ ಹೇಳುತ್ತಿದ್ದರು. ರಾತ್ರಿ ನಿದ್ದೆ ಹತ್ತುವುದಿಲ್ಲವಂತೆ. ಮಂಚ ಬದಲಿಸಿದಳಂತೆ, ತಲೆಗೆ ಎಣ್ಣೆ ಹಚ್ಚಿಸಿಕೊಂಡಳಂತೆ, ವೈದ್ಯರ ಪುಡಿ ತಿಂದಳಂತೆ, ಯಾವುದೂ ನಾಟಲಿಲ್ಲವಂತೆ. ನಾನು ಅಯ್ಯೋ ಪಾಪ ಅನ್ನುತ್ತಿದ್ದೆ.

ಹೊಟ್ಟೆಯಲ್ಲಿ ಇಟ್ಟದ್ದನ್ನು ಹೇಳಬಾರದು ಎಂದು ಅವ್ವ ಕಲಿಸಿದ್ದಳು. ಇಡದೇ ಉಳಿದದ್ದರ ಬಗ್ಗೆ ಅವಳು ಏನೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆ ರೊಟ್ಟಿಯ ತುಣುಕನ್ನು ಉಡಿಯಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಅವಳ ಟಾಂಗಾ ಓಣಿಯ ತಿರುವು ದಾಟುವ ಮೊದಲೇ ಹೊಸ್ತಿಲ ಮೇಲೆ ಕೂತು ತಿಂದೆ.